ಪಾಚಿ ತೆಗೆಯೋ ಕೈ ಯಾರದು?



ಹೋದ ಐತವಾರ ನಮ್ಮ ಹೊಳೆಮಣ್ಣೂರಿಂದ ಸ್ವಲ್ಪ ದೂರದ ಒಂದು ಊರಿಗೆ ಹೋಗಿದ್ದೆ. ಹೆಸರು ಬೇಡ, ನಮ್ಮವರು ಅಲ್ಲೇ ಬಾಳ್ವೆ ಮಾಡಬೇಕು. ಮನೆಮನೆಗೆ ನಳ ಬಂದಾವ. ಜಲ ಜೀವನ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಬಂದ ನೀರು ಹೊರಗೂ ಹೋಗಬೇಕಲ್ಲ? ಬಚ್ಚಲು, ಮುಸುರೆ, ಅರಿವೆ ಒಗೆದ ನೀರು ಎಲ್ಲಾ ಇಳುಕಲಿಗೆ ಹರಿದು ನಿಲ್ಲೋದು ಕೇರಿ ಮುಂದೆ. ಇಳುಕಲು ಜಾಗ ಯಾರಿಗೆ ಅಂತ ಊರು ಕಟ್ಟಿದಾಗಲೇ ಠರಾವು ಆಗಿರ್ತದ.

ಇಂಗುಗುಂಡಿ ತೋಡ್ರಿ ಅಂತಾರೆ. ನಮ್ಮದು ಎರಿ ನೆಲ. ಒಮ್ಮೆ ನೆನೆದು ಉಬ್ಬಿತಂದ್ರ ನೀರು ಕೆಳಗಿಳಿಯೋದಿಲ್ಲ, ಗುಂಡಿ ತುಂಬ ಸೊಳ್ಳೆ.

ಈಗ ಹೊಸ ಮಾತು: ಹೊಂಡ ಮಾಡಿ ಅದರ ಮೇಲೆ ತೇಲೋ ಸಸಿ ಬಿಡೋದು. ನಾನು ಇದರ ಪರ. ಡಕ್‌ವೀಡ್ ಅಂತ ಕಾಳಿನಷ್ಟು ಸಣ್ಣ ಎಲೆಯ ಪಾಚಿ. ಹೊಲಸು ನೀರಿನ ಸಾರಜನಕ, ರಂಜಕವನ್ನೇ ತಿಂದು, ಹದ ಸಿಕ್ಕರೆ ಎರಡು ಮೂರು ದಿನಕ್ಕೆ ದುಪ್ಪಟ್ಟಾಗುತ್ತೆ. ಬಾಂಗ್ಲಾದೇಶದ ಮಿರ್ಜಾಪುರದಲ್ಲಿ ಕುಮುದಿನಿ ಆಸ್ಪತ್ರೆಯ ನೀರನ್ನು 1990ರ ದಶಕದಲ್ಲೇ ಹೀಗೆ ತಿಳಿ ಮಾಡಿ, ಆ ಪಾಚಿ ಹಾಕಿ ಮೀನು ಸಾಕಿದರು. ನೇರಳೆ ಹೂವಿನ ಅಂತರಗಂಗೆ ಮಾತ್ರ ಬೇಡ, ಅದು ತಾನೇ ನೀರು ಹೀರಿ ಆವಿ ಮಾಡುತ್ತೆ, ನಮ್ಮ ಬ್ಯಾಸಗಿಗೆ ಹೊಂಡ ಬತ್ತೋದು. ಡಕ್‌ವೀಡ್‌ಗೂ ಬಿದಿರಿನ ಚೌಕ ಕಟ್ಟಬೇಕು, ಇಲ್ಲಾಂದ್ರ ಗಜೇಂದ್ರಗಡದ ಗುಡ್ಡದ ಮೇಲೆ ಫ್ಯಾನು ತಿರುಗಿಸೋ ಗಾಳಿ ಎಲ್ಲಾ ಒಂದು ಮೂಲೆಗೆ ಒಟ್ಟುತ್ತೆ. ನೀರಿನ ಉಪ್ಪು ಇದರಿಂದ ಹೋಗಲ್ಲ, ಹೊಲಕ್ಕೆ ಬಿಡೋರು ನೆನಪಿಡಿ.

ಆದರ ಒಂದು ಮಾತು ಯಾರೂ ಎತ್ತೋದಿಲ್ಲ. ಈ ಪಾಚಿಯನ್ನ ಮ್ಯಾಲಿಂದ ಮ್ಯಾಲೆ ತೆಗೀತಾನೇ ಇರಬೇಕು. ಬಿಟ್ಟರೆ ಸತ್ತು ಕೊಳೆತು, ತಿಂದ ಹೊಲಸೆಲ್ಲ ತಿರುಗಿ ನೀರಿಗೇ ಬಿಡುತ್ತೆ. ತೆಗೆಯೋರು ಯಾರು?

ಸಭೆಯಲ್ಲಿ ಹಿರಿಯರೊಬ್ಬರು ಸಹಜವಾಗೇ ಅಂದರು, "ನಿಮ್ಮ ಹುಡುಗರು ಅದಾರಲ್ರೀ."

ಯಾರೂ ಮಾತಾಡಲಿಲ್ಲ. ಹಿಂದೆ ಕುಂತಿದ್ದ ಯಮ್ಮ ಒಬ್ಬಾಕಿ ನನ್ನ ಅಂಗಿ ಜಗ್ಗಿ ಕೇಳಿದಳು, "ತಮ್ಮಾ, ತಲಿ ಮ್ಯಾಲಿನ ಬುಟ್ಟಿ ಇಳಿಸಿ ಕೈಯಾಗ ಜಾಳಿಗಿ ಕೊಡಾಕತ್ತಾರನು?"

ಬಸವಲಿಂಗಪ್ಪನವರು ಮಲ ಹೊರೋದು ನಿಲ್ಲಿಸಿದ್ದು 1970ರ ದಶಕದಲ್ಲಿ. 2010ರಲ್ಲಿ ಸವಣೂರಿನ ನಮ್ಮ ಬಂಧುಗಳು ಮೈಮೇಲೆ ಮಲ ಸುರುವಿಕೊಂಡು ಪ್ರತಿಭಟಿಸಬೇಕಾಯ್ತು. 2013ರಲ್ಲಿ ಮತ್ತೊಂದು ಕಾಯ್ದೆ. ಬಚ್ಚಲ ನೀರಿಗೆ ಆ ಕಾಯ್ದೆ ಬರಲ್ಲ ಅಂತ ಒಬ್ಬರು ಅಂದರು. ಸರಿ. ಆದರೆ ಸಂಡಾಸದ ಪೈಪನ್ನ ಗಟಾರಿಗೆ ಬಿಟ್ಟವರ ಮನೆ ಎಷ್ಟು, ನಡೀರಿ ಎಣಿಸೋಣು ಅಂದೆ. ಯಾರೂ ಏಳಲಿಲ್ಲ.

ನಾನು ಆಫೀಸಿನ ಕಾರಕೂನ. ಕಾಗದದಾಗ ಇಲ್ಲದ್ದು ಇಲ್ಲವೇ ಇಲ್ಲ ಅಂತ ಚೆನ್ನಾಗಿ ಗೊತ್ತು. ಸ್ವಚ್ಛ ಭಾರತದ ಎರಡನೇ ಹಂತದಲ್ಲಿ 5000 ಜನರೊಳಗಿನ ಊರಿಗೆ ಬೂದು ನೀರಿಗಂತ ತಲೆಗೆ 280 ರೂಪಾಯಿ ತನಕ ಐತಿ. ಹೊಂಡಕ್ಕೆ ಆಗಬಹುದು, ದಿನಾ ತೆಗೆಯೋ ಕೂಲಿಗೆ? ಅಲ್ಲೇ ಕುಂತು ಅರ್ಜಿ ಬರೆದೆವು. ಮೊದಲು ಸಂಡಾಸದ ಪೈಪು ಬಂದ್ ಆಗಲಿ. ಪಾಚಿ ತೆಗೆಯೋದು ಎಲ್ಲಾ ಓಣಿಯವರ ಪಾಳಿ, ಇಲ್ಲಾ ಜಾತಿ ನೋಡದೆ ಪಗಾರದ ಕೆಲಸ. ಉದ್ದ ಗಳದ ಜಾಳಿಗೆ, ಬೂಟು, ಕೈಚೀಲ ಪಂಚಾಯ್ತಿಯದು. ಹೊಂಡ ಕೇರಿ ಬಾಗಿಲಿಂದ ದೂರ. ತಿಳಿ ನೀರಿನಲ್ಲಿ ಕೇರಿಗೂ ಪಾಲು.

ಯಮ್ಮ ಮೊದಲ ಹೆಬ್ಬೆಟ್ಟು ಒತ್ತಿದಳು. ಹಿರಿಯರು "ಮುಂದಿನ ಸಭೆಯಾಗ ನೋಡೋಣು" ಅಂದು ಎದ್ದರು. ಬರೋ ತಿಂಗಳು ಗ್ರಾಮಸಭೆ ಐತಿ, ನಾನು ಹೋಗ್ತೀನಿ. ಬರೋರು ಇನ್‌ಬಾಕ್ಸಿನಲ್ಲಿ ಹೇಳ್ರಿ.