ಬಿಡಲೊಲ್ಲದ ಬೋಲ್ಟು

ಸಂಧಿಯನ್ನು ಕೂಡಿಸುವುದು ಸುಲಭವೋ ಬಿಡಿಸುವುದು ಸುಲಭವೋ ಎಂದು ಮೂವತ್ತುನಾಲ್ಕು ವರ್ಷಗಳ ಕಾಲ ಶಾಲೆಯ ಬಾಲಕರನ್ನು ಕೇಳುತ್ತಿದ್ದವನು ನಾನು. ಕೂಡಿಸುವುದೇ ಸುಲಭವೆಂದು ಎಲ್ಲರೂ ಹೇಳುತ್ತಿದ್ದರು. ಅದು ದಿಟವೂ ಹೌದು. ‘ಮಹಾ’ ಎಂಬುದರ ಮುಂದೆ ‘ಈಶ’ ಬಂದೊಡನೆ ಆಕಾರ ಈಕಾರಗಳೆರಡೂ ಅಳಿದು ಅವುಗಳ ಸ್ಥಾನದಲ್ಲಿ ಏಕಾರವೊಂದು ಹುಟ್ಟುವುದು. ಹಾಗೆ ಹುಟ್ಟಿದ ಅಕ್ಷರದಲ್ಲಿ ಮೊದಲಿನ ಎರಡರ ಗುರುತು ಕಣ್ಣಿಗೆ ಕಾಣದು. ತುಕ್ಕು ಹಿಡಿದ ನಟ್ಟಿನ ಸ್ವಭಾವವೂ ಇದೇ ಎಂಬುದು ನನಗೆ ಹೊಳೆದದ್ದು ಈಚೆಗೆ, ನಮ್ಮ ಕಾರಿನ ಕೆಳಗೆ ಬೆನ್ನನ್ನು ನೆಲಕ್ಕೆ ಹಚ್ಚಿ ಮಲಗಿದ್ದಾಗ. ನಟ್ಟಿನ ಕಬ್ಬಿಣವೂ ಬೋಲ್ಟಿನ ಕಬ್ಬಿಣವೂ ತಮ್ಮ ತಮ್ಮ ಅಂಚಿನಲ್ಲಿ ಅಳಿದು, ನಡುವೆ ಮೂರನೆಯ ಪದಾರ್ಥವೊಂದು ಹುಟ್ಟಿಕೊಂಡಿರುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಕಿಟ್ಟವೆಂದು ಹೆಸರು. ಹಳೆಯ ಕಿಟ್ಟವನ್ನು ವೈದ್ಯರು ಮಂಡೂರವೆಂದು ಕರೆದು ಭಸ್ಮ ಮಾಡಿ ರಕ್ತಹೀನತೆಗೆ ಕೊಡುವರು. ಕಾರಿನ ಅಡಿಯಲ್ಲಿ ಅದು ಔಷಧವಲ್ಲ.

ನಾವಿರುವುದು ಕುಂದಾಪುರದಲ್ಲಿ. ಕಾರಿಗೆ ಹದಿನಾಲ್ಕು ವರ್ಷ ತುಂಬಿದೆ. ಮನೆಯಾಕೆಗೆ ಮೂತ್ರಪಿಂಡದ ವ್ಯಾಧಿಯಿರುವುದರಿಂದ ಮಂಗಳವಾರ ಮತ್ತು ಶುಕ್ರವಾರಗಳಲ್ಲಿ ಡಯಾಲಿಸಿಸಿಗಾಗಿ ಮಣಿಪಾಲಕ್ಕೆ ಹೋಗಿಬರಬೇಕು, ಸಾರಥ್ಯ ನನ್ನದೇ. ಒಂದು ಮಂಗಳವಾರ ಹಿಂದಿರುಗುವಾಗ ಇಂಜಿನಿನ ಸದ್ದು ಇದ್ದಕ್ಕಿದ್ದಂತೆ ಒರಟಾಯಿತು. ಸ್ವಲ್ಪ ಹೊತ್ತಿಗೆ ಆಕೆ, “ಒಳಗೆಲ್ಲ ಹೊಗೆಯ ವಾಸನೆ, ತಲೆ ಭಾರವಾಗಿದೆ” ಎಂದಳು. ಕೂಡಲೆ ಕಿಟಕಿಗಳನ್ನೆಲ್ಲ ಇಳಿಸಿ ನಿಧಾನವಾಗಿ ಮನೆ ಸೇರಿದೆವು.

ಇದನ್ನು ಗೃಹಸ್ಥರು ಲಘುವಾಗಿ ಭಾವಿಸಕೂಡದು. ಸೈಲೆನ್ಸರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗಿಗೆ ತಿಳಿಯುವುದು ಅದರ ಜೊತೆಗಾರರು ಮಾತ್ರ. ರಕ್ತದ ಕೆಂಪು ದ್ರವ್ಯವು ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಈ ವಿಷವನ್ನು ಅಪ್ಪಿಕೊಳ್ಳುವುದು. ಮೂತ್ರಪಿಂಡದ ರೋಗಿಗಳಿಗೆ ರಕ್ತವೇ ಕಡಮೆ. ಇರುವಷ್ಟರಲ್ಲಿ ಇದಕ್ಕೊಂದು ಪಾಲು ಹೋದರೆ ಉಳಿಯುವುದೇನು?

ಮರುದಿನವೇ ಕಾರನ್ನು ಒಂದು ಗ್ಯಾರೇಜಿನವರಿಗೆ ತೋರಿಸಿದ್ದಾಯಿತು. ಇಂಜಿನಿಗೆ ಅಂಟಿಕೊಂಡಿರುವ ಎರಕದ ಮ್ಯಾನಿಫೋಲ್ಡಿಗೂ ಅದರಿಂದ ಹೊರಡುವ ಕೊಳವೆಗೂ ನಡುವಣ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಗ್ಯಾಸ್ಕೆಟ್ಟಿನ ಬೆಲೆ ಅಲ್ಪ. ಆದರೆ ಅಲ್ಲಿನ ಎರಡು ನಟ್ಟುಗಳು ಬಿಡಲಾರವು, ಬಿಚ್ಚಹೋದರೆ ಮುರಿಯುವುವು, ಆದುದರಿಂದ ಎಲ್ಲವನ್ನೂ ಹೊಸದಾಗಿ ತರಿಸಬೇಕು, ಎಂಟು ದಿನ ಹಿಡಿಯುವುದು ಎಂದರು. ಒಂದು ದಿನಕ್ಕೆ ಬಾಡಿಗೆಯ ಕಾರು ಸರಿ. ವಾರಕ್ಕೆರಡರಂತೆ ನಿವೃತ್ತಿವೇತನದಲ್ಲಿ ಅದು ನಡೆಯತಕ್ಕದ್ದಲ್ಲ.

ನಮ್ಮ ಕೇರಿಯಲ್ಲಿ ವೃದ್ಧರಾದ ಕಮ್ಮಾರರೊಬ್ಬರಿದ್ದಾರೆ. ಕುಲುಮೆಯನ್ನು ಬಿಟ್ಟು ಬಹುಕಾಲ ಬಸ್ಸುಗಳ ದುರಸ್ತಿಯಲ್ಲಿದ್ದವರು. ಊರವರೆಲ್ಲ ಅವರನ್ನು ಆಚಾರ್ರೆಂದು ಕರೆಯುವರು. ನಾನು ಪಾಠ ಹೇಳಿದ ಕಾಲವೆಲ್ಲ ಸೇರಿದರೂ ಆ ಹೆಸರಿಗೆ ನನಗಿಂತ ಅವರೇ ಅರ್ಹರು. ಅವರು ಕೆಳಗೆ ಬಾಗಿ ನೋಡಿ, “ಮಾಷ್ಟ್ರೇ, ಮುರೂಕೆ ಒಂದ್ ಗಳಿಗಿ ಸಾಕ್. ಬಿಚ್ಚೂಕೆ ಎರಡ್ ದಿನ ಕೊಡಿ” ಎಂದರು. ನಮ್ಮಲ್ಲಿದ್ದುದೂ ಎರಡೇ ದಿನ.

ಈ ಸ್ಥಳದ ನಟ್ಟುಗಳೇ ಹೀಗೇಕೆ ಹಿಡಿಯುವುವು? ಇಂಜಿನ್ ಓಡುವಾಗ ಅಲ್ಲಿನ ಕಬ್ಬಿಣವು ನೂರಾರು ಡಿಗ್ರಿಗಳವರೆಗೆ ಕಾಯುವುದು, ನಿಂತಾಗ ಆರುವುದು. ಕಾವು ಹಳೆಯ ಗ್ರೀಸನ್ನೂ ಲೇಪವನ್ನೂ ಸುಟ್ಟು ಬರಿಯ ಲೋಹವನ್ನು ಉಳಿಸುವುದು. ಅದರ ಮೇಲೆ ಮಳೆಯ ನೀರು, ನಮ್ಮ ಕರಾವಳಿಯ ಉಪ್ಪುಗಾಳಿ. ಹುಟ್ಟಿದ ತುಕ್ಕು ತನಗೆ ಜನ್ಮ ಕೊಟ್ಟ ಕಬ್ಬಿಣದ ಎರಡರಷ್ಟಕ್ಕೂ ಮೇಲ್ಪಟ್ಟ ಸ್ಥಳವನ್ನು ಬೇಡುವುದು. ತಿರುಪಿನ ಸುತ್ತುಗಳ ನಡುವೆ ಅಷ್ಟು ಸ್ಥಳವೆಲ್ಲಿಂದ ಬರಬೇಕು? ತನ್ನನ್ನು ತಾನೇ ಬೆಣೆಯಂತೆ ಬಿಗಿದುಕೊಳ್ಳುವುದು.

ಮೊದಲನೆಯ ಕೆಲಸ ತಂತಿಯ ಬ್ರಷ್ಷಿನಿಂದ ಉಜ್ಜುವುದು. ಕಾರನ್ನು ಜಾಕಿಯ ಮೇಲಷ್ಟೇ ನಿಲ್ಲಿಸಿ ಕೆಳಗೆ ನುಸುಳಲು ಆಚಾರ್ರು ಒಪ್ಪಲಿಲ್ಲ. ಗಟ್ಟಿ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು, ಚಕ್ರಗಳಿಗೆ ಕಲ್ಲು ಇಡಿಸಿ, ನನ್ನ ಕನ್ನಡಕದ ಮೇಲೆ ಇನ್ನೊಂದು ಕನ್ನಡಕವನ್ನು ತೊಡಿಸಿದರು. ಉಜ್ಜಿದಂತೆ ಮುಖದ ಮೇಲೆ ಉದುರಿದ ಕೆಂಪು ಪುಡಿಯನ್ನು ಕಂಡಾಗ ಆ ಎರಡನೆಯ ಕನ್ನಡಕದ ಉಪಯೋಗ ತಿಳಿಯಿತು. ಬಳಿಕ ಎಣ್ಣೆ. ಗಟ್ಟಿಯಾದ ಎಣ್ಣೆ ಪ್ರಯೋಜನವಿಲ್ಲ. ದೀಪದ ಬತ್ತಿಯಲ್ಲಿ ಏರುವಂತೆ ಕೂದಲೆಳೆಯ ಸಂದಿನಲ್ಲಿ ನುಸುಳುವ ತೆಳುವಾದ ಎಣ್ಣೆ ಬೇಕು. ಅಂಗಡಿಯಲ್ಲಿ ಎಲ್ಲರೂ ಕೇಳುವ ಡಬ್ಲ್ಯುಡಿ-40 ಎಂಬುದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು, ಲೋಹದಿಂದ ನೀರನ್ನು ಓಡಿಸಿ ತುಕ್ಕನ್ನು ತಡೆಯುವುದಕ್ಕಾಗಿ. ನಲವತ್ತನೆಯ ಪ್ರಯತ್ನದಲ್ಲಿ ಫಲಿಸಿತೆಂದು ಆ ಸಂಖ್ಯೆ. ಹಿಡಿದ ತಿರುಪನ್ನು ಬಿಡಿಸಲೆಂದೇ ಮಾಡಿದ ಎಣ್ಣೆಗಳು ಬೇರೆ ಉಂಟು. ಬುಧವಾರ ಮಧ್ಯಾಹ್ನ, ಸಂಜೆ, ರಾತ್ರಿ ಮಲಗುವ ಮುನ್ನ ಮೂರಾವರ್ತಿ ಬಿಟ್ಟು, ಪ್ರತಿಸಲವೂ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದೆವು. ತಟ್ಟಿದರೆ ಕಿಟ್ಟ ಬಿರಿಯುವುದು, ಬಿರಿದಲ್ಲಿ ಎಣ್ಣೆ ಇಳಿಯುವುದು.

ಗುರುವಾರ ಬೆಳಗ್ಗೆ ಪಾನಾ ಹಿಡಿದೆವು. ಆರು ಮೂಲೆಯ ನಟ್ಟಿಗೆ ಆರು ಮೂಲೆಯ ಸಾಕೆಟ್ಟೇ ಯುಕ್ತ. ಹನ್ನೆರಡು ಮೂಲೆಯದು ತುದಿಗಳನ್ನಷ್ಟೇ ಹಿಡಿದು ಸವೆಸುವುದು. ಹಿಗ್ಗಿ ಕುಗ್ಗುವ ಪಾನಾವನ್ನಂತೂ ಇಂಥಲ್ಲಿ ಮುಟ್ಟಲೇಬಾರದು. ಎಡಕ್ಕೆ ತಿರುಗಿಸಹೋದ ನನ್ನನ್ನು ಆಚಾರ್ರು ತಡೆದು, “ಬಿಚ್ಚೂಕೆ ಮೊದ್ಲು ಚೂರು ಬಿಗಿ ಮಾಡಿ ಕಾಣಿ” ಎಂದರು. ವಿಪರೀತವಾಗಿ ಕಂಡರೂ ಅರ್ಥವುಳ್ಳ ಮಾತು. ನಮಗೆ ಬೇಕಾದುದು ದಿಕ್ಕಲ್ಲ, ಹಿಡಿತದ ಭಂಗ. ಬಲಕ್ಕೊಂದು ಎಳೆ, ಎಡಕ್ಕೊಂದು ಎಳೆ, ಪುನಃ ಬಲಕ್ಕೆ. ಏಳೆಂಟು ಸಲವಾದ ಮೇಲೆ ‘ಟಕ್’ ಎಂದು ಸದ್ದಾಯಿತು. ಅಲ್ಲಿಂದ ಮುಂದೆ ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ, ನಡುನಡುವೆ ಎಣ್ಣೆ. ಒಂದು ನಟ್ಟು ಕೈಗೆ ಬಂದಿತು.

ಎರಡನೆಯದು ಬರಲಿಲ್ಲ. ತಿರುಗಿತು ನಿಜ, ಆದರೆ ಸದ್ದಿಲ್ಲದೆ, ಹಸಿಯ ಬೆತ್ತವನ್ನು ತಿರುಚಿದಂತೆ ಮೆತ್ತಗೆ. ಆಚಾರ್ರು ನನ್ನ ಕೈಯಿಂದ ಪಾನಾವನ್ನು ತೆಗೆದುಕೊಂಡುಬಿಟ್ಟರು. ನಟ್ಟು ತಿರುಗುತ್ತಿರಲಿಲ್ಲ, ಒಳಗಿನ ಕಡ್ಡಿಯೇ ತಿರುಚಿಕೊಳ್ಳುತ್ತಿತ್ತು; ಇನ್ನೆರಡು ಬೆರಳಿನಷ್ಟು ಎಳೆದಿದ್ದರೆ ಅದು ಎರಕದೊಳಗೆ ಮುರಿದು ಉಳಿಯುತ್ತಿತ್ತು. ಪಾನಾಕ್ಕೆ ಉದ್ದನೆಯ ಪೈಪನ್ನು ತೊಡಿಸಿ ಇಬ್ಬರು ಜಗ್ಗುವ ಪದ್ಧತಿಯಿಂದ ಆಗುವುದು ಇದೇ. ಆಮೇಲೆ ಮ್ಯಾನಿಫೋಲ್ಡನ್ನೇ ಇಳಿಸಿ ತುಂಡನ್ನು ಕೊರೆದು ತೆಗೆಯಬೇಕು. ನಮಗೆ ಹೇಳಿದ್ದ ಆ ಎಂಟು ದಿನ ಅಲ್ಲಿಯೇ ಕುಳಿತಿದ್ದವು.

ಉಳಿದ ಉಪಾಯ ಬೆಂಕಿ. ಎಣ್ಣೆಯನ್ನು ಮನೆಮಂದಿ ಅತಿಯಾಗಿ ನಂಬುವರೆಂದು ನನ್ನ ಅಭಿಪ್ರಾಯ. ಸೈಲೆನ್ಸರಿನ ತುಕ್ಕಿಗೆ ಕಾವೇ ನಿಜವಾದ ವೈದ್ಯ. ಕಬ್ಬಿಣವು ಪ್ರತಿ ಡಿಗ್ರಿಗೆ ತನ್ನ ಅಳತೆಯ ಹತ್ತುಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುವುದು. 10 ಮಿಲಿಮೀಟರ್ ಬಾಯಿಯ ನಟ್ಟನ್ನು 400 ಡಿಗ್ರಿ ಕಾಯಿಸಿದರೆ ಅದು 0.05 ಮಿಲಿಮೀಟರಿನಷ್ಟು ಅಗಲವಾದೀತು. ಇಷ್ಟೇ ಸಾಕು, ಒಳಗಿನ ಕಡ್ಡಿ ಕಾಯುವುದಕ್ಕೆ ಮೊದಲು ಕೆಲಸ ಮುಗಿಯಬೇಕು. ಆದರೆ ಇದು ಎಲ್ಲರೂ ಮನೆಯಲ್ಲಿ ಮಾಡತಕ್ಕದ್ದಲ್ಲ: ಪೆಟ್ರೋಲಿನ ಕೊಳವೆ ಸಮೀಪದಲ್ಲೇ ಹಾಯ್ದಿರುತ್ತದೆ, ನಾವೇ ಬಿಟ್ಟ ಎಣ್ಣೆ ಹೊತ್ತಿಕೊಳ್ಳುವುದು. ಎಣ್ಣೆಯನ್ನೆಲ್ಲ ಒರಸಿ, ಕೊಳವೆಗೆ ತಗಡಿನ ಮರೆಯಿಟ್ಟು, ನನ್ನನ್ನು ಮರಳಿನ ಬಕೆಟ್ಟಿನ ಪಕ್ಕದಲ್ಲಿ ನಿಲ್ಲಿಸಿ ಆಚಾರ್ರು ತಾವೇ ಜ್ವಾಲೆ ಹಿಡಿದರು. ನಟ್ಟು ಮಂದವಾಗಿ ಕೆಂಪಾದಾಗ ಬೆಂಕಿಯನ್ನು ತೆಗೆದು, ಸ್ವಲ್ಪ ಆರಲು ಬಿಟ್ಟು, ಮೋಂಬತ್ತಿಯ ತುದಿಯನ್ನು ತಿರುಪಿನ ಬಾಯಿಗೆ ಮುಟ್ಟಿಸಿದರು. ಮೇಣ ಕರಗಿ ಒಳಕ್ಕೆ ಇಳಿಯಿತು. ಪಾನಾ ಇಟ್ಟರು, ಬಲಕ್ಕೊಮ್ಮೆ ಒತ್ತಿದರು. ನಾನು ಉಸಿರು ಬಿಗಿಹಿಡಿದು ಆ ಸದ್ದಿಗಾಗಿ ಕಿವಿಗೊಟ್ಟಿದ್ದೆ. ಸಂಜೆ ನಾಲ್ಕು ಗಂಟೆಗೆ ಅದು ಕೇಳಿಸಿತು.

ಹಿಂಬದಿಯ ಪಟ್ಟಿಯ ಬೋಲ್ಟೂ ಹಿಡಿದಿತ್ತು. ಅದು ಆರಪಾರವಾಗಿ ಹಾಯ್ದು ನಟ್ಟಿನಿಂದ ಬಿಗಿದದ್ದು, ಅದಕ್ಕೆ ಇಷ್ಟು ಉಪಚಾರ ಬೇಡವೆಂದು ಗರಗಸದಿಂದ ಕೊಯ್ದು ಎಸೆದೆವು. ಹೊಸ ಗ್ಯಾಸ್ಕೆಟ್ಟನ್ನು ಕೂಡಿಸಿ, ತಿರುಪಿಗೆ ತಾಮ್ರದ ಪುಡಿ ಬೆರೆತ ಗ್ರೀಸನ್ನು ಸವರಿ, ಕಬ್ಬಿಣದ ನಟ್ಟುಗಳ ಬದಲು ಹಿತ್ತಾಳೆಯವುಗಳನ್ನು ಹಾಕಿದೆವು. ಹಿತ್ತಾಳೆಗೆ ಕಬ್ಬಿಣದ ತುಕ್ಕು ಹತ್ತದು.

ಶುಕ್ರವಾರ ಮಣಿಪಾಲದ ದಾರಿಯಲ್ಲಿ ಕಿಟಕಿಗಳನ್ನು ಪೂರ್ತಿ ಇಳಿಸಿಯೇ ಹೋದೆವು, ಎಲ್ಲ ಸರಿಯಾಗಿದ್ದರೂ. ಹಿಂದಿರುಗುವಾಗ ಆಕೆ ಗಾಳಿ ಹೆಚ್ಚಾಯಿತೆಂದು ತಾನೇ ತನ್ನ ಕಡೆಯದನ್ನು ಏರಿಸಿ ಬ್ರಹ್ಮಾವರ ದಾಟುವುದರೊಳಗೆ ನಿದ್ದೆಹೋದಳು. ಹೊಸ ಗ್ಯಾಸ್ಕೆಟ್ ಕಾವಿಗೆ ಕುಗ್ಗಿ ಕೂರುವುದರಿಂದ ನಾಲ್ಕಾರು ದಿನ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕೆಂದು ಆಚಾರ್ರು ಹೇಳಿದ್ದಾರೆ. ಬರುವ ಸೋಮವಾರಕ್ಕೆಂದು ಹದಿನಾಲ್ಕರ ಸಾಕೆಟ್ಟನ್ನು ಅವರಿಂದ ತಂದಿಟ್ಟುಕೊಂಡಿದ್ದೇನೆ.