ಚಮಚದ ಮೇಲಿನ ಎರಡು ಮುದ್ರೆಗಳು

ಲಾಂಛನವೆಂದೊಡನೆ ಶ್ರಾವಕರಿಗೆ ಜಿನಬಿಂಬದ ಪೀಠದಲ್ಲಿರುವ ವೃಷಭ, ಸಿಂಹಗಳು ನೆನಪಾಗುತ್ತವೆ. ಅವು ಬಿಂಬವು ಯಾವ ತೀರ್ಥಂಕರರದೆಂದು ತಿಳಿಸುತ್ತವೆಯೇ ಹೊರತು ಯಾರ ಒಡೆತನವನ್ನೂ ಸಾರುವುದಿಲ್ಲ. ಒಡೆತನವನ್ನೇ ಸಾರುವ ಲಾಂಛನಗಳೂ ಲೋಕದಲ್ಲುಂಟು. ಇಂಗ್ಲೆಂಡಿನ ಹಳೆಯ ಬೆಳ್ಳಿ ಚಮಚಗಳ ಹಿಡಿಯ ಮೇಲಿನ ಕುಲಚಿಹ್ನೆಗಳು ಅಂಥವು.

ಅಲ್ಲಿನ ಶ್ರೀಮಂತ ಮನೆತನಗಳು ಸಿಂಹ, ಹದ್ದು, ಖಡ್ಗ ಹಿಡಿದ ತೋಳು ಮೊದಲಾದ ಆಕೃತಿಗಳನ್ನು ತಮ್ಮ ಚಿಹ್ನೆಯಾಗಿ ಕೆತ್ತಿಸುತ್ತಿದ್ದವು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಚಮಚವನ್ನು ಮೇಜಿನ ಮೇಲೆ ಬೋರಲಾಗಿ ಇಡುವ ರೂಢಿಯಿತ್ತು. ಆಗ ಚಿಹ್ನೆ ಹಿಡಿಯ ಹಿಂಬದಿಗಿತ್ತು. ಮುಂದೆ ಅಂಗಾತ ಇಡುವ ಪದ್ಧತಿ ಬಂದಾಗ ಚಿಹ್ನೆಯೂ ಮುಂಬದಿಗೆ ಬಂದಿತು. ಅತಿಥಿಯ ಕಣ್ಣಿಗೆ ಬೀಳುವ ಕಡೆಯೇ ಅದರ ಸ್ಥಾನ! 1798ರಲ್ಲಿ ಸರಕಾರ ಕುಲಲಾಂಛನಗಳ ಬಳಕೆಗೆ ತೆರಿಗೆ ಹೇರಿತು. 1944ರಲ್ಲಿ ಅದು ರದ್ದಾಯಿತು. ಅಷ್ಟು ಕಾಲ ಜನರು ಹಣ ತೆತ್ತು ಹೆಮ್ಮೆಯನ್ನು ಕಾಪಾಡಿಕೊಂಡರು.

ಅದೇ ಚಮಚದ ಮೇಲೆ ಇನ್ನೊಂದು ಬಗೆಯ ಮುದ್ರೆಗಳಿರುತ್ತವೆ. 1544ರಿಂದ ಬಳಕೆಗೆ ಬಂದ, ನಡೆಯುವ ಸಿಂಹದ ಗುರುತು ಸಾವಿರ ಭಾಗದಲ್ಲಿ 925 ಭಾಗ ಶುದ್ಧ ಬೆಳ್ಳಿಯಿದೆಯೆಂದು ಹೇಳುತ್ತದೆ. ತಯಾರಕನ ಗುರುತು ಬೇರೆ, ವರ್ಷವನ್ನು ತಿಳಿಸುವ ಅಕ್ಷರ ಬೇರೆ. 1784ರಿಂದ 1890ರವರೆಗಿನ ವಸ್ತುಗಳಲ್ಲಿ ಸುಂಕ ಸಲ್ಲಿಕೆಯಾದುದಕ್ಕೆ ಸಾಕ್ಷಿಯಾಗಿ ಅರಸರ ಮುಖದ ಮುದ್ರೆಯೂ ಇರುತ್ತಿತ್ತು. ಇವು ವಸ್ತು ಯಾರದೆಂದು ಹೇಳುವುದಿಲ್ಲ, ಎಂಥದೆಂದು ಹೇಳುತ್ತವೆ.

ಕಾಲಚಕ್ರ ಉರುಳಿತು. ಜಮೀನಿನ ಆದಾಯ ಕುಸಿಯಿತು. 1894ರಲ್ಲಿ ಮೃತರ ಆಸ್ತಿಯ ಮೇಲೆ ಹೊಸ ತೆರಿಗೆ ಬಂದಿತು. ಅನೇಕ ಮನೆತನಗಳ ಬೆಳ್ಳಿ ಮಾರಾಟವಾಯಿತು. ಕೊಂಡವರಲ್ಲಿ ಕೆಲವರು ಹಳೆಯ ಚಿಹ್ನೆಯನ್ನು ಹೆರೆಸಿ ತಮ್ಮದನ್ನು ಕೆತ್ತಿಸಿದರು. ಹೆರೆದ ಕಡೆ ಬೆಳ್ಳಿ ತೆಳುವಾಗಿ ಚಮಚದ ಬೆಲೆಯೂ ತಗ್ಗುತ್ತದೆ. ಒಂದೇ ಆಕೃತಿಯನ್ನು ಹಲವು ಮನೆತನಗಳು ಧರಿಸುತ್ತಿದ್ದುದರಿಂದ, ಉಳಿದ ಚಿಹ್ನೆಗಳಿಂದಲೂ ಒಡೆಯನಾರೆಂದು ನಿಶ್ಚಯಿಸುವುದು ಎಷ್ಟೋ ಸಲ ಸಾಧ್ಯವಿಲ್ಲ. 'ನನ್ನದು' ಎಂಬ ಗುರುತು ಅಳಿಯಿತು. ಶುದ್ಧತೆಯ ಗುರುತು ಉಳಿಯಿತು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಅಲ್ಲ, ಅದರ ಮೇಲಿನ ಮಮತೆಯಲ್ಲಿ ಗುರುತಿಸಿದ್ದಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ, ಅಂದರೆ ನಕಲಿಯನ್ನು ಅಸಲಿಯೆಂದು ಮಾರುವುದನ್ನೂ ಸೇರಿಸಿದ್ದಾರೆ. ಬೆಲೆ ಏರಿಸಲು ಬರಿದಾದ ಚಮಚಕ್ಕೆ ಹಳೆಯ ಕುಲಚಿಹ್ನೆಯನ್ನು ಹೊಸದಾಗಿ ಕೆತ್ತಿಸುವವನು ಈ ದೋಷಕ್ಕೆ ಗುರಿಯಾಗುತ್ತಾನೆ. ಶುದ್ಧತೆಯ ಮುದ್ರೆಯನ್ನು ತಿದ್ದುವುದು ಬ್ರಿಟನ್ನಿನಲ್ಲಿ 1973ರ ಕಾಯಿದೆಯ ಪ್ರಕಾರ ಅಪರಾಧ. ಆದರೆ ಶ್ರಾವಕ ವ್ಯಾಪಾರಿಯನ್ನು ತಡೆಯಬೇಕಾದುದು ಕಾಯಿದೆಯ ಭಯವಲ್ಲ, ಸ್ವೀಕರಿಸಿದ ವ್ರತ.

ಈ ವಿಚಾರ ದೂರದ ದೇಶಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಮನೆಗಳ ಪಾತ್ರೆಗಳ ಮೇಲೂ ಹೆಸರುಗಳಿವೆ. ಬಸದಿಗೆ ಅರ್ಪಿಸಿದ ಕಲಶ, ತಟ್ಟೆಗಳ ಮೇಲೂ ಇವೆ. ಸ್ಮರಣೆಗಾಗಿ ಹೆಸರು ಬರೆಸುವುದು ದೋಷವಲ್ಲ. ಆದರೆ ಅಭಿಷೇಕದ ದಿನ ಕಲಶವನ್ನು ಹೊರತೆಗೆದಾಗ ದಾನಿಯ ಕಣ್ಣು ಮೊದಲು ತನ್ನ ಹೆಸರನ್ನೇ ಹುಡುಕಿದರೆ, ಆ ಕಲಶ ಬಸದಿಯನ್ನು ಸೇರಿದೆ. ದಾನ ಇನ್ನೂ ಪೂರ್ಣವಾಗಿಲ್ಲ.