ಸೂಲಂಗಿ

ಎಲೆ ಕೆಂಪಾದ ಯೂರೋಪಿನ ದ್ರಾಕ್ಷಿ ತೋಟಗಳನ್ನು ಕ್ಯಾಮೆರಾ ಅಲುಗಾಡಿಸಿ ತೆಗೆದ ಅಬ್‌ಸ್ಟ್ರಾಕ್ಟ್ ಫೋಟೋ ನೋಡಿ ನಮಗೂ ಹುಚ್ಚು ಹತ್ತಿತು. ಬಳ್ಳಿ ಯಾವುದು ಗೊತ್ತಾಗಲ್ಲ, ಬರೀ ಬಣ್ಣದ ಗೆರೆ. ಆದರೆ ನಮ್ಮ ವಿಜಯಪುರದ ಕಡೆ ಅಕ್ಟೋಬರ್‌ನಲ್ಲಿ ಬಳ್ಳಿ ಸವರುತ್ತಾರೆ, ಡಿಸೆಂಬರ್‌ಗೆ ತೋಟವೆಲ್ಲ ಹಸಿರು. ಮಂಡ್ಯದಲ್ಲಿ ಇರೋದು ಕಬ್ಬು. ಸರಿ, ಮದ್ದೂರಿನಿಂದ ಮಳವಳ್ಳಿ ರಸ್ತೆ ಹಿಡಿದು ನಮ್ಮಲ್ಲೊಬ್ಬನ ತಾತನ ಗದ್ದೆಗೆ ಹೋದೆವು.

ಗದ್ದೆ ತುಂಬ ಬೆಳ್ಳಗೆ ಸೂಲಂಗಿ! ಹೊತ್ತು ಮುಳುಗಿದ ಮೇಲೆ ಫೋನನ್ನು ಪ್ರೋ ಮೋಡ್‌ಗೆ ಹಾಕಿ, ಐಎಸ್‌ಒ ಇಳಿಸಿ, ಶಟರ್ ಕಾಲು ಸೆಕೆಂಡಿಗಿಟ್ಟು, ಒತ್ತಿದ ಕೂಡಲೇ ಫೋನನ್ನು ಕೆಳಗಿಂದ ಮೇಲಕ್ಕೆ ಎಳೆದೆವು. ಅಡ್ಡ ಎಳೆದರೆ ಎಲ್ಲ ಕಲಸಿಹೋಗುತ್ತೆ. ಕಬ್ಬು ನಿಂತ ದಿಕ್ಕಲ್ಲೇ ಎಳೆದರೆ ಜಲ್ಲೆ ಹಸಿರು ಗೆರೆ, ಸೂಲಂಗಿ ಬೆಳ್ಳಿ ಹೊಗೆ. 40ರಲ್ಲಿ ಒಂದು ನಿಜಕ್ಕೂ ಚೆನ್ನಾಗಿ ಬಂತು.

ತಾತನಿಗೆ ತೋರಿಸಿದೆವು. "ಇದೇನ್ರಲಾ, ಗದ್ದೆಗೆ ಬೆಂಕಿ ಬಿದ್ದಂಗದೆ!" ಅಂತ ನಕ್ಕರು. ಸೂಲಂಗಿ ತಾತ, ಅಂದೆವು. ನಗು ನಿಂತಿತು. ಕಟಾವಿನ ಆರ್ಡರ್ ಇನ್ನೂ ಬಂದಿಲ್ಲವಂತೆ. ಸೂಲಂಗಿ ಬಂದರೆ ಕಬ್ಬು ಬೆಳೆಯೋದು ನಿಲ್ಲುತ್ತೆ, ಹಾಗೇ ಬಿಟ್ಟರೆ ಬೆಂಡಾಗಿ ತೂಕ ಇಳಿಯುತ್ತೆ. ದುಡ್ಡು ಸಿಗೋದು ಟನ್ ಲೆಕ್ಕದಲ್ಲಿ. ನಾವೋ, "ಎಷ್ಟು ಚೆಂದ" ಅಂತ ಒಂದು ಗಂಟೆ ಕುಣಿದಿದ್ದೆವು.

ಕ್ಲಬ್ಬಿನ ಗೋಡೆಗೆ ಆ ಫೋಟೋನೇ ಕೊಟ್ಟಿದ್ದೇವೆ. ಮೊದಲು 'ಅನ್‌ಟೈಟಲ್ಡ್' ಅಂತಿತ್ತು. ಅದನ್ನು ಹೊಡೆದು ಹಾಕಿ, 'ಕಟಾವಿಗೆ ಕಾಯ್ತಿರೋ ಕಬ್ಬು, ಮದ್ದೂರು' ಅಂತ ಬರೆದೆವು.